ಮಿನಿಮಲ್ ಡೀಪ್ ಹೌಸ್ ಆಲ್ಬಮ್ ಕೇಳುವ ಬಗೆ: ಮಲೆನಾಡಿನ ಮನೆಗೊಂದು ಸಮಗ್ರ ಮಾರ್ಗದರ್ಶಿ

ಮಿನಿಮಲ್ ಎಲೆಕ್ಟ್ರಾನಿಕ್ ಮತ್ತು ಡೀಪ್ ಹೌಸ್ ಬಗೆಯ, ಅಂದರೆ ಯಂತ್ರಗಳಿಂದ ಕೆಲವೇ ಸದ್ದುಗಳಲ್ಲಿ ಕಟ್ಟಿದ ನೃತ್ಯಸಂಗೀತದ ಆಲ್ಬಮೊಂದನ್ನು ಮೊದಲ ಸಲ ಕೇಳಿದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಇದರಲ್ಲಿ ಏನೂ ಆಗುವುದೇ ಇಲ್ಲವಲ್ಲ." ನಾನೂ ಹಾಗೆಯೇ ಹೇಳಿದ್ದೆ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಬಸ್ಸಿನಲ್ಲಿ, ಅಗ್ಗದ ಇಯರ್‌ಫೋನನ್ನು ಒಂದೇ ಕಿವಿಗೆ ಸಿಕ್ಕಿಸಿಕೊಂಡು, ಪ್ರತಿ ಟ್ರ್ಯಾಕಿನ ಮೊದಲ ಎರಡು ನಿಮಿಷ ಕೇಳಿ ಮುಂದಿನದಕ್ಕೆ ಹಾರುತ್ತ, ಆನಂದಪುರ ಬರುವಷ್ಟರಲ್ಲಿ ಇಡೀ ಆಲ್ಬಮನ್ನು ಮುಗಿಸಿ ಪಕ್ಕಕ್ಕಿಟ್ಟಿದ್ದೆ. ಎರಡು ವರ್ಷಗಳ ನಂತರ, ಡಿಸೆಂಬರಿನ ಒಂದು ರಾತ್ರಿ, ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಟ್ಟದ ಕೋಣೆಯಲ್ಲಿ ಅದೇ ಆಲ್ಬಮನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಮೊದಲಿಂದ ಕೊನೆಯವರೆಗೆ ಕೇಳಿದಾಗ, ಬಸ್ಸಿನಲ್ಲಿ ನನಗೆ ಅದರ ಅರ್ಧದಷ್ಟೂ ಕೇಳಿಸಿರಲಿಲ್ಲ ಎಂಬುದು ತಿಳಿಯಿತು. ಈ ಸಂಗೀತದಲ್ಲಿ ನಡೆಯುವುದೆಲ್ಲ ಬಹಳ ಸಣ್ಣದಾಗಿ, ಬಹಳ ಕೆಳಗಿನ ಸ್ಥಾಯಿಯಲ್ಲಿ, ನಿಧಾನವಾಗಿ ನಡೆಯುತ್ತದೆ. ಅದು ಕಿವಿಗೆ ಬೀಳಬೇಕಾದರೆ ಕೇಳುವವರ ಕಡೆಯಿಂದ ಒಂದಿಷ್ಟು ಸಿದ್ಧತೆ ಬೇಕಾಗುತ್ತದೆ. ಆ ಸಿದ್ಧತೆಯನ್ನು ನಮ್ಮ ಮನೆ, ನಮ್ಮ ಹವೆ, ನಮ್ಮ ಕಿವಿಯ ಅಭ್ಯಾಸಗಳಿಗೆ ಹೊಂದಿಸಿ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲು, ಏನನ್ನು ಕೇಳಲು ಹೊರಟಿದ್ದೇವೆ

ಹೌಸ್ ಎಂಬ ಹೆಸರು ಅಮೆರಿಕದ ಶಿಕಾಗೋ ನಗರದ 'ವೇರ್‌ಹೌಸ್' ಎಂಬ ನೃತ್ಯಶಾಲೆಯಿಂದ ಬಂತೆಂಬುದು ರೂಢಿಯಲ್ಲಿರುವ ಮಾತು. 1977ರಿಂದ ಅಲ್ಲಿ ರೆಕಾರ್ಡ್ ನುಡಿಸುತ್ತಿದ್ದ ಫ್ರ್ಯಾಂಕಿ ನಕಲ್ಸ್ ಮತ್ತು ಅವರ ಸುತ್ತಲಿನ ಕಪ್ಪು ಸಮುದಾಯದ ತರುಣರು ಡಿಸ್ಕೋ ಸಂಗೀತವನ್ನು ಉದ್ದಕ್ಕೆ ಎಳೆದು, ಯಂತ್ರದ ತಾಳವನ್ನು ಸೇರಿಸಿ ಹೊಸದೊಂದನ್ನು ಕಟ್ಟಿದರು. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಮತ್ತು 1983ರಲ್ಲಿ ತಂದ ಟಿಆರ್-909 ಎಂಬ ತಾಳಯಂತ್ರಗಳು ಈ ಸಂಗೀತದ ಬೆನ್ನೆಲುಬಾದವು. ಅದೇ ಊರಿನ ಲ್ಯಾರಿ ಹರ್ಡ್ ಮೊದಲು ಡ್ರಮ್ಸ್ ವಾದಕರಾಗಿದ್ದವರು. ಮಿಸ್ಟರ್ ಫಿಂಗರ್ಸ್ ಎಂಬ ಹೆಸರಿನಲ್ಲಿ 1986ರಲ್ಲಿ ಅವರು ಹೊರತಂದ 'ಕ್ಯಾನ್ ಯೂ ಫೀಲ್ ಇಟ್' ಎಂಬ ವಾದ್ಯರಚನೆಯನ್ನು ಡೀಪ್ ಹೌಸ್‌ನ ಮೂಲವೆಂದು ಇಂದಿಗೂ ತೋರಿಸುತ್ತಾರೆ. ಅದರಲ್ಲಿ ಇರುವುದು ತಾಳಯಂತ್ರ, ಮೆತ್ತಗೆ ನಡೆಯುವ ಒಂದು ಬೇಸ್ (ತಗ್ಗುಸ್ಥಾಯಿಯ) ಸಾಲು, ಮತ್ತು ಸಿಂಥಸೈಜರಿನಿಂದ ಹೊರಟು ಕೋಣೆಯನ್ನೆಲ್ಲ ತುಂಬಿಕೊಳ್ಳುವ ಉದ್ದನೆಯ ಸ್ವರಗುಚ್ಛಗಳು. ಇಷ್ಟರಲ್ಲೇ ಒಂದು ಲೋಕವನ್ನು ಕಟ್ಟಬಹುದೆಂದು ತೋರಿಸಿದ ಆ ರಚನೆಯ ಮೇಲೆ ನನಗೆ ಅಪಾರ ಗೌರವವಿದೆ.

ಮುಂದೆ ಬರ್ಲಿನ್ನಿನಲ್ಲಿ 1993ರಲ್ಲಿ ಮೊರಿಟ್ಸ್ ಫಾನ್ ಓಸ್ವಾಲ್ಡ್ ಮತ್ತು ಮಾರ್ಕ್ ಅರ್ನೆಸ್ಟಸ್ ಇಬ್ಬರೂ 'ಬೇಸಿಕ್ ಚಾನೆಲ್' ಎಂಬ ಹೆಸರಿನಲ್ಲಿ, ಜಮೈಕಾದ ಡಬ್ ಸಂಗೀತದ ಮಾರ್ದನಿಯನ್ನು ಟೆಕ್ನೋ ಎಂಬ ಯಂತ್ರ-ನೃತ್ಯಸಂಗೀತದ ತಾಳದೊಳಕ್ಕೆ ತಂದರು. ಮರುವರ್ಷ ಡೆಟ್ರಾಯಿಟ್ಟಿನ ರಾಬರ್ಟ್ ಹುಡ್ ತಮ್ಮ ಧ್ವನಿಮುದ್ರಿಕೆಗೆ 'ಮಿನಿಮಲ್ ನೇಷನ್' ಎಂದೇ ಹೆಸರಿಟ್ಟರು. 2000ದ ಆಸುಪಾಸಿನಲ್ಲಿ ಡೀಪ್ ಹೌಸ್ ಮತ್ತು ಮಿನಿಮಲ್ ಎಂಬ ಈ ಎರಡು ಧಾರೆಗಳು ಕೂಡಿ, ನೃತ್ಯಶಾಲೆಯ ಜೊತೆಗೆ ಮನೆಯ ಕೋಣೆಯಲ್ಲಿಯೂ ಕೇಳಬಹುದಾದ, ದನಿ ತಗ್ಗಿಸಿ ಮಾತನಾಡುವ ಆಲ್ಬಮ್‌ಗಳು ಬಂದವು. ನಾವು ಕೇಳಲು ಹೊರಟಿರುವುದು ಇಂಥದನ್ನು.

ಹಂತ 1: ಒಂದೇ ಆಲ್ಬಮನ್ನು ಆರಿಸಿಕೊಳ್ಳುವುದು

ಹತ್ತು ಆಲ್ಬಮ್‌ಗಳನ್ನು ಸುಮ್ಮನೆ ಗುಡ್ಡೆ ಹಾಕಿಕೊಳ್ಳಬೇಡಿ. ಒಂದನ್ನು ಆರಿಸಿ, ಒಂದು ತಿಂಗಳು ಅದರೊಂದಿಗೇ ಇರಿ. ಹಾಡಿನ ದನಿಯಿಲ್ಲದೆ ಕೇಳಲು ಕಷ್ಟವೆನ್ನುವವರು ಫಿನ್ಲೆಂಡಿನ ಸಾಸು ರಿಪಾಟ್ಟಿ ಅವರು ಲೂಮೋ ಎಂಬ ಹೆಸರಿನಲ್ಲಿ 2000ದಲ್ಲಿ ತಂದ 'ವೋಕಲ್‌ಸಿಟಿ'ಯಿಂದ ಆರಂಭಿಸಬಹುದು. ಅದರಲ್ಲಿರುವುದು ಆರೇ ಟ್ರ್ಯಾಕ್, ಒಂದೊಂದೂ ದೀರ್ಘವಾದದ್ದು, ಮಾನವ ಕಂಠ ಅಲ್ಲಲ್ಲಿ ತೇಲಿ ಬಂದು ಕರಗುತ್ತದೆ. ನನ್ನ ಸ್ವಂತ ಆಯ್ಕೆ ಜರ್ಮನಿಯ ಯಾನ್ ಯೆಲಿನೆಕ್ ಅವರ 2001ರ 'ಲೂಪ್-ಫೈಂಡಿಂಗ್-ಜಾಝ್-ರೆಕಾರ್ಡ್ಸ್'. ಹಳೆಯ ಜಾಝ್ ರೆಕಾರ್ಡುಗಳಿಂದ ಕ್ಷಣಮಾತ್ರದ ತುಣುಕುಗಳನ್ನು ಕತ್ತರಿಸಿ, ಅವು ಯಾವ ಹಾಡಿನವೆಂಬ ಗುರುತೇ ಸಿಗದಂತೆ ಸುತ್ತಿಸಿ ಕಟ್ಟಿದ ಕೃತಿ ಅದು. ಈ ಬರಹದ ಮುಂದಿನ ಹಂತಗಳೆಲ್ಲ ಇವೆರಡರಲ್ಲಿ ಯಾವುದಕ್ಕಾದರೂ ಹೊಂದುತ್ತವೆ.

ಆರಿಸಿದ ಆಲ್ಬಮನ್ನು ಕೊಂಡು ಅಥವಾ ಡೌನ್‌ಲೋಡ್ ಮಾಡಿ ಫೋನಿನಲ್ಲೇ ಇಟ್ಟುಕೊಳ್ಳಿ. ನಮ್ಮ ಕಡೆ ಮಳೆ ಜೋರಾದರೆ, ಇಲ್ಲವೇ ಕರೆಂಟ್ ಹೋಗಿ ಟವರ್ ಮಲಗಿದರೆ, ನೆಟ್‌ವರ್ಕ್ ನಡುವೆಯೇ ಕೈಕೊಡುತ್ತದೆ. ಆರನೇ ನಿಮಿಷದಲ್ಲಿ ತುಂಡಾದ ಟ್ರ್ಯಾಕನ್ನು ಮತ್ತೆ ಅಲ್ಲಿಂದಲೇ ಹಿಡಿದರೆ ಮೊದಲಿನ ಹದ ಸಿಗುವುದಿಲ್ಲ. ಆಮೇಲೆ ಆಪ್‌ನಲ್ಲಿ ಶಫಲ್, ಕ್ರಾಸ್‌ಫೇಡ್, ಆಟೋಪ್ಲೇ ಮೂರನ್ನೂ ಆಫ್ ಮಾಡಿ. ಈಕ್ವಲೈಜರಿನಲ್ಲಿ 'ಬೇಸ್ ಬೂಸ್ಟ್' ಇದ್ದರೆ ಅದನ್ನೂ ತೆಗೆಯಿರಿ. ಬೇಸ್ ಎಷ್ಟಿರಬೇಕೆಂದು ಕಲಾವಿದರು ತೂಗಿ ಇಟ್ಟಿರುತ್ತಾರೆ, ಅದರ ಮೇಲೆ ನಾವು ಮತ್ತೆ ಸುರಿದರೆ ಕಿಕ್ (ತಾಳದ ಪೆಟ್ಟಿಗೆ ಬೀಳುವ ದಪ್ಪ ಡ್ರಮ್ ಸದ್ದು) ಮತ್ತು ಬೇಸ್ ಎರಡೂ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ.

ಹಂತ 2: ಸಾಧನ

ಇಲ್ಲಿ ಒಂದು ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಾರೆ: ಮೊಬೈಲಿನ ಸ್ಪೀಕರಿನಲ್ಲಿ ಈ ಸಂಗೀತವನ್ನು ಕೇಳಬಾರದು. ಕಿಕ್ ಡ್ರಮ್ಮಿನ ಮೈ ಇರುವುದು ಸುಮಾರು 50ರಿಂದ 60 ಹರ್ಟ್ಜ್‌ನಲ್ಲಿ, ಬೇಸ್ ಸಾಲು ಓಡಾಡುವುದು ಅದರ ಆಸುಪಾಸಿನಲ್ಲಿ. ಫೋನಿನ ಪುಟ್ಟ ಸ್ಪೀಕರ್ ಇದರ ಎಷ್ಟೋ ಮೇಲಿನಿಂದಷ್ಟೇ ಸರಿಯಾಗಿ ನುಡಿಯುತ್ತದೆ. ಕಿಕ್ಕಿನ ಬದಲು ಅದರ ತುದಿಯ 'ಟಿಕ್' ಮಾತ್ರ ಕೇಳಿ, ಬೇಸ್ ಪೂರ್ತಿಯಾಗಿ ಮಾಯವಾದ ಮೇಲೆ ಉಳಿಯುವುದು ಸಂಗೀತದ ಸಿಪ್ಪೆಯಷ್ಟೇ.

ದುಬಾರಿ ಸಾಧನ ಬೇಕೆಂದೇನೂ ಇಲ್ಲ. ಕಿವಿಯೊಳಗೆ ಕೂರುವ ಸಾಧಾರಣ ವೈರಿನ ಇಯರ್‌ಫೋನಾದರೂ ಸಾಕು, ಅದರ ರಬ್ಬರ್ ತುದಿ ನಿಮ್ಮ ಕಿವಿಗೆ ಸರಿಯಾಗಿ ಕೂತಿರಬೇಕು. ಪರೀಕ್ಷೆ ಸುಲಭ: ಟ್ರ್ಯಾಕ್ ನಡೆಯುತ್ತಿರುವಾಗ ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ ನೋಡಿ, ಬೇಸ್ ತಟ್ಟನೆ ಹೆಚ್ಚಾದರೆ ಅಷ್ಟು ಹೊತ್ತು ಅದು ಸಂದಿಯಲ್ಲಿ ಸೋರಿಹೋಗುತ್ತಿತ್ತೆಂದು ಅರ್ಥ, ಒಂದು ಅಳತೆ ದೊಡ್ಡ ತುದಿಯನ್ನು ಹಾಕಿಕೊಳ್ಳಿ. ಎರಡೂ ಕಿವಿಗೆ ಹಾಕಿಕೊಳ್ಳಿ ಎಂದು ಬೇರೆ ಹೇಳಬೇಕಿಲ್ಲ, ಬಸ್ಸಿನ ನನ್ನ ತಪ್ಪು ಅದೇ ಆಗಿತ್ತು.

ಸ್ಪೀಕರ್ ಇರುವವರು ಜಾಗದ ಲೆಕ್ಕವನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಬೇಕು. 50 ಹರ್ಟ್ಜ್‌ನ ಒಂದು ಅಲೆಯ ಉದ್ದ ಗಾಳಿಯಲ್ಲಿ ಸುಮಾರು 7 ಮೀಟರ್, ಅಂದರೆ ನಮ್ಮ ಸಾಮಾನ್ಯ ಕೋಣೆಗಿಂತ ದೊಡ್ಡದು. 12 ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಜ್‌ನ ಸದ್ದು ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಯ ಬಳಿ ಅದು ಉಬ್ಬುತ್ತದೆ, ಕೋಣೆಯ ಸರಿ ಮಧ್ಯದಲ್ಲಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆದ್ದರಿಂದ ಕುರ್ಚಿಯನ್ನು ನಟ್ಟನಡುವೆ ಹಾಕಬೇಡಿ. ಹಿಂದಿನ ಗೋಡೆಯಿಂದ ಕೋಣೆಯ ಉದ್ದದ ಮೂರನೇ ಒಂದು ಭಾಗದಷ್ಟು ಮುಂದಕ್ಕೆ ಹಾಕಿ, ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗುವಂತೆ ಕೂರಿ. ಸ್ಪೀಕರನ್ನು ಮೂಲೆಗೆ ತಳ್ಳಿದರೆ ಬೇಸ್ ಊದಿಕೊಳ್ಳುತ್ತದೆ. ಶಿವಮೊಗ್ಗ ಪೇಟೆಯ ಆರ್‌ಸಿಸಿ ಮನೆಗಳ ಬರಿಗೋಡೆ, ಟೈಲ್ಸ್ ನೆಲದ ಕೋಣೆಗಳಲ್ಲಿ ತಾಳಯಂತ್ರದ ಕ್ಲ್ಯಾಪ್ (ಚಪ್ಪಾಳೆಯಂಥ) ಸದ್ದು ಚಿಟಿಲೆಂದು ಮರುಕಳಿಸುತ್ತದೆ. ನೆಲಕ್ಕೊಂದು ಜಮಖಾನ, ಗೋಡೆಗೊಂದು ದಪ್ಪ ಕಂಬಳಿ ಅದನ್ನು ತಗ್ಗಿಸುತ್ತದೆ, ಆದರೆ ಕಂಬಳಿಯಿಂದ ಬೇಸ್ ಸರಿಹೋಗುವುದಿಲ್ಲ. ಹಳೆಯ ಹಂಚಿನ ಮನೆಯ ಮರದ ಅಟ್ಟ, ಹಾಸಿಗೆ ಸುರುಳಿ, ಮೂಟೆ, ಪೆಟ್ಟಿಗೆಗಳಿರುವ ಕೋಣೆ ಈ ದೃಷ್ಟಿಯಿಂದ ಬಲು ಒಳ್ಳೆಯದು.

ದನಿಯ ಮಟ್ಟ ಮಧ್ಯಮವಾಗಿರಲಿ. ತೀರಾ ಸಣ್ಣದಾಗಿ ಇಟ್ಟರೆ ನಮ್ಮ ಕಿವಿಗೆ ತಗ್ಗುಸ್ಥಾಯಿಯೇ ಮೊದಲು ಕಾಣೆಯಾಗುತ್ತದೆ, ಇದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ತೀರಾ ಜೋರೂ ಬೇಡ: ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬೆಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಂತ 3: ಹೊತ್ತು ಮತ್ತು ಹವೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುವಾಗ, ಹಂಚಿನ ಮಾಡಿನ ಕೆಳಗೆ ಕೂತವರಿಗೆ ಈ ಸಂಗೀತದ ಮೇಲಿನ ಅರ್ಧ ಸಿಗುವುದಿಲ್ಲ. ಮಳೆಯ ಸದ್ದಿನಲ್ಲಿ ಎಲ್ಲ ಸ್ಥಾಯಿಗಳೂ ಕಲಸಿಕೊಂಡಿರುವುದರಿಂದ, ಹೈ-ಹ್ಯಾಟ್ ಎಂಬ ಜೋಡಿ ಲೋಹದ ತಟ್ಟೆಗಳ ಪಿಸುಮಾತು ಮತ್ತು ರೆಕಾರ್ಡಿನ ಸಣ್ಣ ಚಟಪಟ ಮೊದಲು ಮುಳುಗುತ್ತವೆ. ತಗಡಿನ ಶೀಟ್ ಹೊದಿಸಿದ ಮನೆಯಾದರೆ ಬೇಸ್ ಕೂಡ ಉಳಿಯುವುದು ಅನುಮಾನ. ಮಳೆಗಾಲಕ್ಕೆ ಮುಂಚಿನ ಸಂಜೆಗಳಲ್ಲಿ ಜೀರುಂಡೆಗಳ ಕಾಟ. ಅವುಗಳ ಸದ್ದು ಹೈ-ಹ್ಯಾಟ್ ಇರುವ ಎತ್ತರದ ಸ್ಥಾಯಿಯಲ್ಲೇ ಇರುವುದರಿಂದ ಎರಡೂ ಬೆರೆತುಹೋಗುತ್ತವೆ. ನನ್ನ ಅನುಭವದಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗಿನ ರಾತ್ರಿ ಒಂಬತ್ತರ ನಂತರದ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಅಡಿಕೆ ಸುಲಿತದ ದಿನಗಳಾದರೆ ಅಂಗಳದ ಕೆಲಸ ಮುಗಿದು ಮೆಟ್ಟುಗತ್ತಿಗಳು ಸುಮ್ಮನಾಗುವವರೆಗೆ ಕಾಯಬೇಕು.

ಹಂತ 4: ಮೊದಲ ಕೇಳ್ಮೆ

ಇಡೀ ಆಲ್ಬಮನ್ನು ಒಮ್ಮೆ, ನಡುವೆ ಏಳದೆ ಕೇಳಿ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ಮಗುಚಿಡಿ, ದೀಪ ತಗ್ಗಿಸಿ. ಏನನ್ನೂ ಹುಡುಕಬೇಡಿ, ಎಣಿಸಬೇಡಿ. ಮನಸ್ಸು ನಾಳೆಯ ಕೆಲಸದ ಕಡೆಗೆ ಹೋದರೆ ಹೋಗಲಿ, ಅದು ಮತ್ತೆ ಸಂಗೀತಕ್ಕೆ ಮರಳಿದ ಗಳಿಗೆಯನ್ನು ಮಾತ್ರ ಗಮನಿಸಿ. ಏನೋ ಒಂದು ಬದಲಾದದ್ದರಿಂದಲೇ ಅದು ಮರಳಿರುತ್ತದೆ. ಮುಗಿದ ಮೇಲೆ ಯಾವ ಟ್ರ್ಯಾಕಿನಲ್ಲಿ ಹಾಗಾಯಿತೆಂದು ಒಂದು ಚೀಟಿಯಲ್ಲಿ ಬರೆದಿಡಿ. ಮುಂದಿನ ಹಂತಗಳಿಗೆ ಆ ಟ್ರ್ಯಾಕನ್ನೇ ತೆಗೆದುಕೊಳ್ಳಬೇಕು.

ಹಂತ 5: ತಾಳ ಹಾಕಿ ಎಣಿಸುವುದು

ಈ ಹಂತದಲ್ಲಿ ನಮ್ಮ ಕಡೆಯ ಕೇಳುಗರಿಗೆ ದೊಡ್ಡ ಅನುಕೂಲವಿದೆ, ಏಕೆಂದರೆ ಆದಿತಾಳ ಬಲ್ಲವರು ಹೊಸದಾಗಿ ಕಲಿಯುವುದೇನೂ ಇಲ್ಲ. ಡೀಪ್ ಹೌಸ್‌ನ ನಡೆ ಹೆಚ್ಚಾಗಿ ನಿಮಿಷಕ್ಕೆ 115ರಿಂದ 125 ಪೆಟ್ಟು. ಲೆಕ್ಕಕ್ಕೆ ಸುಲಭವಾಗಲೆಂದು 120 ಎಂದು ಹಿಡಿಯೋಣ. ಒಂದು ಪೆಟ್ಟಿಗೆ ಅರ್ಧ ಸೆಕೆಂಡು. ಒಂದೊಂದು ಕಿಕ್ಕಿಗೆ ಒಂದೊಂದು ಅಕ್ಷರವೆಂದು ಆದಿತಾಳ ಹಾಕಿದರೆ ಎಂಟು ಅಕ್ಷರದ ಒಂದು ಆವರ್ತನ ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ. ಪಾಶ್ಚಾತ್ಯರ ಎಣಿಕೆಯಲ್ಲಿ ಅದು ಎರಡು ಬಾರ್. ಕಿಕ್ ಎಂಟು ಅಕ್ಷರಗಳಲ್ಲೂ ಬೀಳುತ್ತದೆ. ಎರಡು, ನಾಲ್ಕು, ಆರು, ಎಂಟನೆಯ ಅಕ್ಷರಗಳಲ್ಲಿ ಅದರ ಜೊತೆಗೆ ಕ್ಲ್ಯಾಪ್ ಬೀಳುತ್ತದೆ. ಒಂದು ಅಕ್ಷರಕ್ಕೂ ಮುಂದಿನದಕ್ಕೂ ಸರಿ ನಡುವೆ ಹೈ-ಹ್ಯಾಟ್ 'ತ್ಸ' ಎಂದು ತೆರೆದುಕೊಳ್ಳುತ್ತದೆ. ಇದಿಷ್ಟು ಸಾಮಾನ್ಯ ಚೌಕಟ್ಟು, ಮಿನಿಮಲ್ ಕಲಾವಿದರು ಇದರಲ್ಲೂ ಒಂದೆರಡನ್ನು ಬಿಟ್ಟಿರಬಹುದು.

ಈಗ ಬಲಗೈಯಲ್ಲಿ ತಾಳ ಹಾಕುತ್ತ, ಎಡಗೈಯ ಬೆರಳುಗಳಲ್ಲಿ ಆವರ್ತನಗಳನ್ನು ಎಣಿಸಿ. ನಾಲ್ಕನೆಯ ಅಥವಾ ಎಂಟನೆಯ ಆವರ್ತನ ಮುಗಿದು ಮುಂದಿನ ಸಮಕ್ಕೆ (ಆವರ್ತನದ ಮೊದಲ ಅಕ್ಷರಕ್ಕೆ) ಬರುವಾಗ, ಅಂದರೆ ಪ್ರತಿ 16 ಅಥವಾ 32 ಸೆಕೆಂಡಿಗೊಮ್ಮೆ, ಏನಾದರೊಂದು ಬದಲಾಗುವುದು ಈ ಸಂಗೀತದ ರೂಢಿ. ಒಂದು ಹೊಸ ಗಿಲಕಿ ಸೇರಬಹುದು, ಕೆಲವು ಸ್ಥಾಯಿಗಳನ್ನು ತಡೆಹಿಡಿದ ಫಿಲ್ಟರ್ ಒಂದಿಷ್ಟು ತೆರೆದು ಸ್ವರಗುಚ್ಛ ಬೆಳಗಬಹುದು, ಇಲ್ಲವೇ ಇದ್ದ ಒಂದು ಸದ್ದು ಹೇಳದೆ ಎದ್ದು ಹೋಗಬಹುದು. ಎಂಟು ನಿಮಿಷದ ಟ್ರ್ಯಾಕಿನಲ್ಲಿ ಇಂಥ 120 ಆವರ್ತನಗಳಿರುತ್ತವೆ. "ಏನೂ ಆಗುವುದಿಲ್ಲ" ಎಂದುಕೊಂಡಿದ್ದ ಟ್ರ್ಯಾಕಿನಲ್ಲಿ ನಾನು ಹೀಗೆ ಎಣಿಸುತ್ತ ಕೂತ ರಾತ್ರಿ, ಬದಲಾವಣೆಗಳನ್ನು ಗುರುತು ಹಾಕಿಕೊಳ್ಳಲು ತಂದಿಟ್ಟುಕೊಂಡ ಕಾಗದ ತುಂಬಿಹೋಗಿ, ಅದರ ಹಿಂಬದಿಗೂ ಬರೆಯಬೇಕಾಯಿತು.

ಹಂತ 6: ಒಂದೊಂದೇ ಪದರ

ಅದೇ ಟ್ರ್ಯಾಕನ್ನು ಬೇರೆ ಬೇರೆ ದಿನ, ಪ್ರತಿ ಸಲ ಒಂದೇ ಪದರವನ್ನು ಹಿಡಿದು ಕೇಳಿ. ಕಿಕ್ಕಿಗೆ ಒಂದು ಸಲ ಸಾಕು. ಹೈ-ಹ್ಯಾಟಿಗೆ ಕೊಂಚ ಹೆಚ್ಚು ತಾಳ್ಮೆ ಬೇಕು: ಅಕ್ಷರವನ್ನು ನಾಲ್ಕು ಪಾಲು ಮಾಡಿದರೆ ಎರಡನೆಯ ಮತ್ತು ನಾಲ್ಕನೆಯ ಪಾಲು ತಮ್ಮ ಜಾಗಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿವೆಯೇ ಎಂದು ನೋಡಿ. ಆ ತಡವೇ ಯಂತ್ರದ ತಾಳಕ್ಕೆ ತೂಗಾಟ ಕೊಡುತ್ತದೆ.

ಬೇಸ್ ಸಾಲಿಗೆ ಎರಡು ಮೂರು ರಾತ್ರಿ ಕೊಡಿ. ಒಳ್ಳೆಯ ಡೀಪ್ ಹೌಸ್‌ನಲ್ಲಿ ಬೇಸ್ ಬಹುಮಟ್ಟಿಗೆ ಕಿಕ್ಕಿನ ಮೇಲೆ ಬೀಳದೆ ಕಿಕ್ಕುಗಳ ನಡುವಿನ ಜಾಗದಲ್ಲಿ ಕಾಲಿಡುತ್ತದೆ. ಎರಡಕ್ಕೂ ಬೇಕಾದ ಸ್ಥಾಯಿ ಒಂದೇ ಆಗಿರುವುದರಿಂದ ಒಬ್ಬರು ಮಾತನಾಡುವಾಗ ಇನ್ನೊಬ್ಬರು ಸುಮ್ಮನಿರಬೇಕಾಗುತ್ತದೆ. ಯಕ್ಷಗಾನಕ್ಕೆ ಮದ್ದಳೆ ಬಾರಿಸುತ್ತಿದ್ದ ನಮ್ಮ ದೊಡ್ಡಪ್ಪನಿಗೆ ಒಮ್ಮೆ ಹೆಡ್‌ಫೋನ್ ಹಾಕಿ ಹತ್ತು ನಿಮಿಷ ಕೇಳಿಸಿದ್ದೆ. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ ಕೇಳಿದ ಅವರು ಹೆಡ್‌ಫೋನ್ ತೆಗೆದು, "ಇವ ಬಾರಿಸಿದ್ದಕ್ಕಿಂತ ಬಿಟ್ಟದ್ದೇ ಚಂದ ಉಂಟಲ್ಲ ಮಾರಾಯ" ಎಂದರು. ಈ ಸಂಗೀತದ ಬಗ್ಗೆ ಅದಕ್ಕಿಂತ ಸರಿಯಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆಮೇಲೆ ಮಾರ್ದನಿ. ಒಂದು ಸ್ವರಗುಚ್ಛ ಒಮ್ಮೆ ಮೀಟಿದ ಮೇಲೆ ಡಿಲೇ ಯಂತ್ರ ಅದನ್ನು ತಗ್ಗಿಸುತ್ತ ತಗ್ಗಿಸುತ್ತ ಮರಳಿ ನುಡಿಸುತ್ತದೆ. ಆ ಮರುನುಡಿಯ ಅಂತರ ಬಹಳ ಸಲ ಮುಕ್ಕಾಲು ಅಕ್ಷರದಷ್ಟಿರುತ್ತದೆ, 120ರ ನಡೆಯಲ್ಲಿ 375 ಮಿಲಿಸೆಕೆಂಡು. ಮುಕ್ಕಾಲು ಅಕ್ಷರದ ಹೆಜ್ಜೆಗಳು ಪೂರ್ಣ ಅಕ್ಷರದ ಕಿಕ್ಕಿನೊಂದಿಗೆ ಮೂರು ಅಕ್ಷರಗಳಿಗೊಮ್ಮೆ ಮಾತ್ರ ಕೂಡಿ, ಉಳಿದಂತೆ ಅಡ್ಡಡ್ಡ ಬೀಳುತ್ತವೆ. ಸುಮ್ಮನೆ ನಾಲ್ಕು ನಾಲ್ಕರ ತಾಳದ ಮೇಲೆ ಮೂರರ ನೆರಳೊಂದು ಓಡುತ್ತದೆ. ತನಿಯಾವರ್ತನ ಕೇಳಿದ ಕಿವಿಗೆ ಇದು ಕೂಡಲೇ ಸಿಕ್ಕುತ್ತದೆ.

ಕಟ್ಟಕಡೆಗೆ, ಸುತ್ತುವ ತುಣುಕುಗಳು. ಯೆಲಿನೆಕ್ ಅವರ ಆಲ್ಬಮಿನ ಎರಡು ಟ್ರ್ಯಾಕುಗಳ ಹೆಸರು 'ಮ್ವಾರೆ' ಎಂದು ಆರಂಭವಾಗುತ್ತದೆ. ಎರಡು ಜಾಲಗಳನ್ನು ಒಂದರ ಮೇಲೊಂದು ಇಟ್ಟಾಗ ಎರಡರಲ್ಲೂ ಇಲ್ಲದ ಮೂರನೆಯ ವಿನ್ಯಾಸವೊಂದು ಮೂಡುತ್ತದಲ್ಲ, ಅದಕ್ಕೆ ಫ್ರೆಂಚಿನಿಂದ ಬಂದ ಹೆಸರದು. ನಮ್ಮ ಮನೆಯಲ್ಲಿ ಇದನ್ನು ತೋರಿಸಲು ಸೊಳ್ಳೆಪರದೆ ಸಾಕು. ಮಂಚದ ಮೇಲೆ ಮಲಗಿ, ಪರದೆಯ ಒಂದು ಪದರ ಇನ್ನೊಂದರ ಮೇಲೆ ಜೋತುಬಿದ್ದ ಕಡೆ ದೀಪದ ಬೆಳಕಿಗೆ ನೋಡಿ: ನೀರಿನ ಮೇಲಿನ ಅಲೆಯಂಥ ಗೆರೆಗಳು ಕಾಣುತ್ತವೆ, ಬಟ್ಟೆ ಒಂದು ಕೂದಲಿನಷ್ಟು ಅಲುಗಿದರೂ ಅವು ಮಾರುದ್ದ ಸರಿಯುತ್ತವೆ. ಉದ್ದ ಬೇರೆಬೇರೆಯಾದ ಎರಡು ಲೂಪ್‌ಗಳು ಒಟ್ಟಿಗೆ ಸುತ್ತುವಾಗ ಕಿವಿಗೆ ಆಗುವುದೂ ಅದೇ. ಒಂದೊಂದು ಲೂಪ್ ಚೂರೂ ಬದಲಾಗಿರುವುದಿಲ್ಲ, ಎರಡರ ನಡುವೆ ಮೂಡಿದ ರಾಗದಂಥದೊಂದು ಮಾತ್ರ ಸರಿಯುತ್ತಲೇ ಇರುತ್ತದೆ. ತಂಬೂರಿಯ ಕುದುರೆಯ ಮೇಲೆ ಜೀವಾಳದ ದಾರವನ್ನು ಸರಿಪಡಿಸಿ ಕೂತಾಗ ಮೀಟದ ಸ್ವರಗಳು ಕೇಳಿಸುತ್ತವಲ್ಲ, ಆ ಕಿವಿಯನ್ನೇ ಇಲ್ಲಿಗೂ ತನ್ನಿ.

ಹಂತ 7: ಎದ್ದು ನಿಂತು ಕೇಳುವುದು

ಇದು ಕುಣಿಯಲೆಂದೇ ಹುಟ್ಟಿದ ಸಂಗೀತ. ಎಷ್ಟೇ ಮೆಲುದನಿಯದಾದರೂ ಕೂತೇ ಕೇಳಿದರೆ ಅದರ ಒಂದು ಭಾಗ ದೇಹಕ್ಕೆ ತಲಪುವುದಿಲ್ಲ. ಸಾಗರದ ಮಾರಿಜಾತ್ರೆಯಲ್ಲಿ ಡೊಳ್ಳಿನ ತಂಡದ ಹತ್ತಿರ ನಿಂತವರಿಗೆ ಗೊತ್ತು, ತಗ್ಗಿನ ಸದ್ದನ್ನು ಎದೆಗೂಡೂ ಕೇಳುತ್ತದೆ. ಸ್ಪೀಕರ್ ಇದ್ದರೆ ಒಮ್ಮೆಯಾದರೂ ಬಾಗಿಲು ಹಾಕಿಕೊಂಡು, ಬರಿಗಾಲಲ್ಲಿ ಮರದ ನೆಲದ ಮೇಲೆ ನಿಂತು, ಮೊಣಕಾಲು ಸಡಿಲ ಬಿಟ್ಟು ಕೇಳಿ. ಕಿಕ್ ನಿಂತುಹೋದ ಎಂಟು ಆವರ್ತನಗಳಲ್ಲಿ ಕಾಲು ತಾನಾಗಿ ತಾಳ ಮುಂದುವರಿಸುವುದನ್ನು, ಕಿಕ್ ಮರಳಿದಾಗ ಎರಡೂ ಕೂಡಿಕೊಳ್ಳುವುದನ್ನು ಗಮನಿಸಿ. ಘಾಟಿ ರಸ್ತೆಯಲ್ಲಿ ಗಾಡಿ ಓಡಿಸುತ್ತ ಮಾತ್ರ ಇಯರ್‌ಫೋನ್ ಹಾಕಬೇಡಿ.

ತಿಂಗಳ ನಂತರ

ಒಂದು ಆಲ್ಬಮ್ ಹೀಗೆ ಒಳಗಿಳಿದ ಮೇಲೆ ಎರಡನೆಯದನ್ನು ತೆಗೆದುಕೊಳ್ಳಬಹುದು. ನಮ್ಮವರದೇ ಒಂದು ಕೃತಿ ಬೇಕೆನ್ನುವವರಿಗೆ ಮುಂಬಯಿಯ ಚಿತ್ರಸಂಗೀತದ ವಾದಕರಾಗಿದ್ದ ಚರಣಜಿತ್ ಸಿಂಗ್ ಅವರ 1982ರ ಮುದ್ರಿಕೆಯಿದೆ; ಟಿಆರ್-808 ಮತ್ತು ಟಿಬಿ-303 ಎಂಬ ರೋಲ್ಯಾಂಡ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ನುಡಿಸಿದ ಅದನ್ನು 2010ರಲ್ಲಿ ಮರುಮುದ್ರಿಸಿದ ಮೇಲೆ ಜಗತ್ತು ಬೆರಗಾಗಿ ಕೇಳಿತು. ಅದು ಚುರುಕಾದ, ಬಿಡುವಿಲ್ಲದೆ ನುಡಿಯುವ ಸಂಗೀತ, ಮೆಲುದನಿಯದಲ್ಲ. ಆದ್ದರಿಂದ ಮೊದಲಿಗೆ ಬೇಡ, ಈಗ ಕೇಳಿ.

ಮೊದಲ ಆಲ್ಬಮಿಗೆ ಮತ್ತೆ ಮರಳುವುದು ಮಾತ್ರ ಜೂನ್ ಬಂದ ಮೇಲೆ ಇರಲಿ. ಹಂಚಿನ ಮೇಲೆ ಮಳೆ ಹಿಡಿದ ರಾತ್ರಿ, ನಾನು ಮೂರನೆಯ ಹಂತದಲ್ಲಿ ಬೇಡವೆಂದ ಹೊತ್ತಿನಲ್ಲೇ, ಸ್ಪೀಕರಿನಲ್ಲಿ ಹಾಕಿ. ಎಣಿಸಬೇಡಿ. ಹೈ-ಹ್ಯಾಟ್ ಮಳೆಯಲ್ಲಿ ಪೂರ್ತಿ ಮುಳುಗಿರುತ್ತದೆ, ಆದರೂ ಕಿಕ್ಕಿಗೂ ಮುಂದಿನ ಕಿಕ್ಕಿಗೂ ಸರಿ ನಡುವೆ, ಅದು ಬೀಳಬೇಕಾದ ಜಾಗದಲ್ಲೇ, ನಿಮಗದು ಕೇಳಿಸುತ್ತದೆ.